ಇನ್ನೊಂದು ಸುತ್ತು

ಈಗ ನೀವು ನೋಡುತ್ತಿರುವುದು ನಮ್ಮ ಭಾವನನ್ನು. ಗುಬ್ಬಿ ಬಿಟ್ಟು ಸ್ವಲ್ಪ ದೂರ ಬಂದಿದ್ದೇವೆ ಅಷ್ಟೆ, ಬೈಕನ್ನು ಎಡಕ್ಕೆ ವಾಲಿಸಿ ಟ್ಯಾಂಕ್ ಅಲ್ಲಾಡಿಸುತ್ತಿದ್ದಾರೆ. "ಇನ್ನೂ ಇದೆ ಕಣಯ್ಯ, ಬಂಕ್‌ವರೆಗೆ ಹೋಗುತ್ತದೆ." ಹತ್ತು ನಿಮಿಷದಿಂದ ಇದೇ ಮಾತು.

ಹೊರಟಿದ್ದು ಬಿದರೆಹಳ್ಳ ಕಾವಲ್‌ನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯ ಕಡೆಗೆ. 615 ಎಕರೆ, 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ನಮ್ಮನ್ನು ಒಳಗೆ ಬಿಡುವುದಿಲ್ಲ, ಕಾಂಪೌಂಡ್ ನೋಡಿಕೊಂಡು ಬರುವುದು. ನಾನು ನ್ಯೂಜಿಲೆಂಡಿನಲ್ಲಿ ಹೆಲಿಕಾಪ್ಟರ್ ಕೆಲಸದಲ್ಲಿದ್ದೇನೆ ಎಂದು ಅಮ್ಮ ಊರಿಗೆಲ್ಲ ಹೇಳಿದ್ದಾರೆ. ಹಾರಿಸುವವನು ನಾನಲ್ಲ. ಹೊಲಕ್ಕೆ ಔಷಧಿ ಹೊಡೆಯುವ ಹೆಲಿಕಾಪ್ಟರಿಗೆ ನೆಲದ ಮೇಲೆ ನಿಂತು ಔಷಧಿ, ಇಂಧನ ತುಂಬುವವನು. "ಬಂಕ್ ಕೆಲಸಕ್ಕೆ ಅಷ್ಟು ದೂರ ಹೋಗಬೇಕಿತ್ತೇ?" ಎಂದು ಅಜ್ಜಿ ಕೇಳಿದರು. ಏನು ಹೇಳಲಿ?

ನಮ್ಮದು ರಾಬಿನ್ಸನ್ ಆರ್44. ಗಂಟೆಗೆ ಸುಮಾರು 57 ಲೀಟರ್ ಕುಡಿಯುತ್ತದೆ. ಟ್ಯಾಂಕ್ ಎಂದೂ ಭರ್ತಿ ಮಾಡುವುದಿಲ್ಲ. 30 ಲೀಟರ್ ಇಂಧನ ಎಂದರೆ ಹತ್ತಿರ ಹತ್ತಿರ 22 ಕೆಜಿ. ಅಷ್ಟು ಭಾರದ ಔಷಧಿಯನ್ನು ಕೆಳಗೇ ಬಿಡಬೇಕಾಗುತ್ತದೆ. ಆದ್ದರಿಂದ ಬೇಕಾದಷ್ಟೇ ತುಂಬಿಸಿ, ಮತ್ತೆ ಮತ್ತೆ ಇಳಿಸಿ, ಮತ್ತೆ ತುಂಬಿಸುತ್ತೇವೆ. ಸಾಲಿನ ಕೊನೆಯಲ್ಲಿ ಗಿರಕ್ಕನೆ ತಿರುಗುವಾಗ ಟ್ಯಾಂಕಿನೊಳಗೆ ಇಂಧನ ತುಳುಕಿ ಮೀಟರಿನ ಮುಳ್ಳೂ ಓಲಾಡುತ್ತದೆ. ಅದನ್ನು ನಂಬುವಂತಿಲ್ಲ. ಹಾರುವ ಮುನ್ನ ಕಡ್ಡಿ ಅದ್ದಿ ನೋಡಿದ ಅಳತೆ, ಆಮೇಲೆ ಕೈಗಡಿಯಾರ. ಹೆಲಿಕಾಪ್ಟರ್ ಮೇಲೆದ್ದ ಹೊತ್ತನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಳ್ಳುವುದು ನನ್ನ ಪದ್ಧತಿ.

ಆ ತಿರುವೇ ನನಗೆ ಭಯ. ಸಾಲಿನ ಮೇಲೆ ಹಾರುವಾಗ ಎತ್ತರವಿಲ್ಲದಿದ್ದರೂ ವೇಗವಿರುತ್ತದೆ. ತಿರುವಿನ ತುದಿಯಲ್ಲಿ ವೇಗವೂ ಇಲ್ಲ, ಬೇಕಾದಷ್ಟು ಎತ್ತರವೂ ಇಲ್ಲ. ಎಂಜಿನ್ ನಿಂತರೆ ಬರೀ ರೆಕ್ಕೆ ತಿರುಗಿಸಿಕೊಂಡು ಮೆಲ್ಲನೆ ಇಳಿಯಲು ಅಲ್ಲಿ ಜಾಗವೇ ಇರುವುದಿಲ್ಲ.

ಒಂದು ಸಂಜೆ ಗಾಳಿ ಮೆಲ್ಲಗೆ ಒಂದೇ ದಿಕ್ಕಿಗೆ ಬೀಸುತ್ತಿತ್ತು, ಔಷಧಿ ಹೊಡೆಯಲು ಹೇಳಿ ಮಾಡಿಸಿದ ಹೊತ್ತು. ಹೊಲದ ಒಂದೇ ಪಟ್ಟಿ ಬಾಕಿ. ಪೈಲಟ್ ರೇಡಿಯೊದಲ್ಲಿ "ಇನ್ನೊಂದು ಸುತ್ತು" ಎಂದರು. ಅಂಗೈ ನೋಡಿದ್ದರೆ ಬೇಡ ಎನ್ನುತ್ತಿದ್ದೆ. ಕೈಗವಸು ಹಾಕಿದ್ದೆ, ತೆಗೆಯಲು ಸೋಮಾರಿತನ. ಹೆಬ್ಬೆರಳು ಎತ್ತಿ ತೋರಿಸಿದೆ. ಅರ್ಧ ಪಟ್ಟಿ ಮುಗಿಯುವಷ್ಟರಲ್ಲಿ ಇಂಧನದ ಎಚ್ಚರಿಕೆ ದೀಪ ಹೊತ್ತಿತು. ಅದು ಹೊತ್ತಿದ ಮೇಲೆ ಉಳಿಯುವುದು ಸುಮಾರು ಹತ್ತು ನಿಮಿಷದ ಇಂಧನ. ಅವರು ಪಟ್ಟಿ ಮುಗಿಸಲಿಲ್ಲ, ಇಂಧನ ತುಂಬುವ ನಮ್ಮ ಲಾರಿಯ ಹತ್ತಿರವೂ ಬರಲಿಲ್ಲ. ಪಕ್ಕದವರ ಕುರಿ ಹುಲ್ಲುಗಾವಲಿನಲ್ಲಿ ನೆಟ್ಟಗೆ ಇಳಿಸಿಬಿಟ್ಟರು.

ಕ್ಯಾನ್ ಹೊತ್ತು ಎರಡು ಬೇಲಿ ದಾಟಿ ಹೋದೆ. ಕುರಿಯವನು ಬೈಯುತ್ತಿದ್ದ. ಪೈಲಟ್ ನನ್ನನ್ನು ಒಂದು ಮಾತೂ ಅನ್ನಲಿಲ್ಲ, "ನಿನ್ನ ಕೈ ತೋರಿಸು" ಎಂದರು. ತೋರಿಸಿದೆ. ಅವರೇ ಲೆಕ್ಕ ಹಾಕಿ ನೋಡಿ ತಲೆ ಆಡಿಸಿದರು.

ಇದನ್ನೆಲ್ಲ ಭಾವನಿಗೆ ಹೇಳಿ ಮುಗಿಸಿದೆ. ಪೂರ್ತಿ ಕೇಳಿಸಿಕೊಂಡರು. ಈಗ ಬೈಕನ್ನು ಬಲಕ್ಕೆ ವಾಲಿಸುತ್ತಿದ್ದಾರೆ.