ಬಂಪರಿಗೆ ಕಟ್ಟಿದ ಕೂದಲು

ಕೇಳುಗರಿಗೆಲ್ಲ ನಮಸ್ಕಾರ. ಕಣ್ಣಿಂದ ನೋಡುವ ಕಲೆಯನ್ನು ರೇಡಿಯೋದಲ್ಲಿ ಹೇಳುವುದು ಫೋನಿನಲ್ಲಿ ಊಟ ಬಡಿಸಿದ ಹಾಗೆ. ಆದರೂ ಇವತ್ತು ನನಗೆ ಧೈರ್ಯವಿದೆ. ನಾನು ಹೇಳುವ ಸಾಮಾನುಗಳೆಲ್ಲ ನಿಮಗೆ ಗೊತ್ತಿರುವಂಥವೇ.

ಬೆಂಗಳೂರಿನಲ್ಲಿ ಕೆಲವು ಗಾಡಿಗಳ ಬಂಪರಿಗೆ ಕಪ್ಪು ಹಗ್ಗದ ತುಂಡು ಕಟ್ಟಿರುತ್ತಾರೆ, ನೋಡಿರಬಹುದು. ದೃಷ್ಟಿ ತಾಗಬಾರದು ಅಂತ. ಅದು ಮನುಷ್ಯರ ಕೂದಲಿನಲ್ಲಿ ಹೊಸೆದ ಹಗ್ಗ. ದೇವಸ್ಥಾನದಲ್ಲಿ ಮುಡಿ ಕೊಡುತ್ತಾರಲ್ಲ, ಅದರಲ್ಲಿ ಉದ್ದ ಕೂದಲು ವಿಗ್ ಮಾಡುವವರ ಪಾಲು. ಉಳಿದ ಗಿಡ್ಡ ಕೂದಲು ಹೀಗೆ ಹಗ್ಗವಾಗುತ್ತದೆ.

ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕೆಲಸ ಮಾಡುವ ಕಲಾವಿದೆ ಶೀಲಾ ಗೌಡ ಈ ಹಗ್ಗವನ್ನೇ ಕೈಗೆತ್ತಿಕೊಂಡರು. 2009ರಲ್ಲಿ ಇಟಲಿಯ ದೊಡ್ಡ ಕಲಾಮೇಳ ವೆನಿಸ್ ಬಿಯೆನಾಲೆಯಲ್ಲಿ ಅವರ ‘ಬಿಹೋಲ್ಡ್’ ಎಂಬ ಕಲಾಕೃತಿ ಇತ್ತು. ಸುಮಾರು 4 ಕಿಲೋಮೀಟರ್ ಕೂದಲಿನ ಹಗ್ಗ, ಸುಮಾರು 20 ಕಾರ್ ಬಂಪರ್. ರಸ್ತೆಯಲ್ಲಿ ಬಂಪರಿಗೆ ಕೂದಲು ನೇತಾಡುತ್ತದೆ. ಇಲ್ಲಿ ಕೂದಲಿಗೇ ಬಂಪರ್ ನೇತಾಡುತ್ತದೆ! ಈಗ ಅದು ಲಂಡನ್ನಿನ ಟೇಟ್ ಕಲಾ ಮ್ಯೂಸಿಯಂನ ಸಂಗ್ರಹದಲ್ಲಿದೆ. ಅಲ್ಲಿ ನೋಡಲು ಬಂದವರು ಗೋಡೆಯ ಮೇಲಿನ ಚೀಟಿ ಓದಿ ಅರ್ಥ ಮಾಡಿಕೊಳ್ಳಬೇಕು. ನಮ್ಮ ಡ್ರೈವರಿಗೆ ಚೀಟಿ ಬೇಡ. ‘ಇಷ್ಟೊಂದು ದೃಷ್ಟಿ ಹಾಕಿದವರು ಯಾರಪ್ಪಾ’ ಎಂದು ಕೇಳಿಯಾನು, ಅಷ್ಟೇ.

ಶೀಲಾ ಓದಿದ್ದು ಪೇಂಟಿಂಗ್. 1990ರ ದಶಕದ ಶುರುವಿನಲ್ಲಿ, ಕೋಮುಗಲಭೆಯ ಆ ದಿನಗಳಲ್ಲಿ, ಬಣ್ಣ ಅವರಿಗೆ ಸಾಲದೆ ಹೋಯಿತು. ಸಗಣಿ ಹಿಡಿದರು. ಆಮೇಲೆ ನೂಲು. ಉದ್ದನೆಯ ನೂಲನ್ನು ಸೂಜಿಯ ಕಣ್ಣಿನಲ್ಲಿ ತೂರಿಸಿ, ಎಳೆದು, ಎಳೆದು, ಅಂಥ ಎಷ್ಟೋ ಎಳೆಗಳನ್ನು ಕೂಡಿಸಿ, ಅಂಟು ಮತ್ತು ಕುಂಕುಮ ಸವರಿ ಕೆಂಪು ಹಗ್ಗ ಮಾಡಿದರು. ತುದಿಯಲ್ಲಿ ಸೂಜಿಗಳು ಹಾಗೇ ಗೊಂಚಲಾಗಿ ಉಳಿದಿವೆ. ಒಮ್ಮೆ ಗುಂಡಿ ಹೊಲಿಯಲು ನೂಲು ಪೋಣಿಸುವಷ್ಟರಲ್ಲೇ ನನ್ನ ತಾಳ್ಮೆ ಮುಗಿಯುತ್ತದೆ. ಈ ಹಗ್ಗದಲ್ಲಿ ನನಗೆ ಮೊದಲು ಕಾಣುವುದು ಆ ಕೈಗಳ ದಣಿವು. ಮನೆಯ ಹೆಂಗಸರ ಕೆಲಸವೂ ಹೀಗೇ, ಮಾಡಿದ್ದು ಯಾರಿಗೂ ಕಾಣುವುದಿಲ್ಲ ಅಲ್ವಾ?

ನೂಲು ಅಂದಾಗ ಮೈಸೂರಿನ ಕಲಾವಿದ ಎನ್. ಎಸ್. ಹರ್ಷ ನೆನಪಾಗುತ್ತಾರೆ. 2007ರ ಅವರ ‘ನೇಷನ್ಸ್’ ಎಂಬ ಕಲಾಕೃತಿಯಲ್ಲಿ ಕಾಲಲ್ಲಿ ತುಳಿಯುವ 190ಕ್ಕೂ ಹೆಚ್ಚು ಹೊಲಿಗೆ ಮಿಷನ್‌ಗಳಿವೆ. ಒಂದೊಂದರ ಮೇಲೂ ಒಂದೊಂದು ದೇಶದ ಬಾವುಟ. ನೂಲುಗಳೆಲ್ಲ ಒಂದಕ್ಕೊಂದು ಸಿಕ್ಕು. ಟೈಲರ್ ಮಾತ್ರ ಒಬ್ಬರೂ ಇಲ್ಲ.

ಇನ್ನು ಬೀದಿಯಲ್ಲೇ ಕಲೆ ಮಾಡುವ ಬಾದಲ್ ನಂಜುಂಡಸ್ವಾಮಿ. ಇವರಿಗೆ ಸಾಮಾನು ಕೊಳ್ಳುವ ಖರ್ಚು ಕಡಿಮೆ, ರಸ್ತೆಗುಂಡಿ ಸುಮ್ನೆ ಸಿಗುತ್ತದೆ. 2015ರಲ್ಲಿ ಬೆಂಗಳೂರಿನ ಒಂದು ದೊಡ್ಡ ಗುಂಡಿಗೆ ಮೊಸಳೆ ಬಿಟ್ಟರು. ನಿಜವಾದದ್ದಲ್ಲ, ಹೆದರಬೇಡಿ. 2019ರ ಸೆಪ್ಟೆಂಬರ್‌ನಲ್ಲಿ, ಚಂದ್ರಯಾನ-2 ಇಳಿಯಲಿದ್ದ ದಿನಗಳಲ್ಲಿ, ಅವರ ವಿಡಿಯೋ ಒಂದು ಬಂತು. ರಾತ್ರಿ. ಗಗನಯಾತ್ರಿಯೊಬ್ಬ ಕುಳಿ ದಾಟಿ ಕುಳಿ, ನಿಧಾನಕ್ಕೆ ತೇಲಿದಂತೆ ಹೆಜ್ಜೆ ಇಡುತ್ತಾನೆ. ಚಂದ್ರನೇ ಇರಬೇಕು ಅಂದುಕೊಳ್ಳುವಷ್ಟರಲ್ಲಿ ಪಕ್ಕದಲ್ಲೊಂದು ಆಟೋ ಹಾದುಹೋಗುತ್ತದೆ.

ವಿಡಿಯೋ ಎಲ್ಲ ಕಡೆ ಓಡಾಡಿತು. ರಸ್ತೆ ರಿಪೇರಿಯವರು ಬೇಗನೆ ಬಂದರು. ಚಂದ್ರನ ಮೇಲೆ ಡಾಂಬರು ಬಿತ್ತು.