ನೋವು ಇಳಿಯಿತು, ಪಾದ ಏಳುತ್ತಿದೆಯೇ?

ಕೇಳುಗರಿಗೆ ನಮಸ್ಕಾರ. ಸಯಾಟಿಕಾ ಎಂದೊಡನೆ ನೆನಪಾಗುವುದು ಸೊಂಟದಿಂದ ಕಾಲಿಗೆ ಕರೆಂಟು ಹೊಡೆದ ಹಾಗೆ ಇಳಿಯುವ ನೋವು. ಆದರೆ ಸಯಾಟಿಕಾ ಇದ್ದವರನ್ನು ಆಯತಪ್ಪಿಸಿ ಬೀಳಿಸುವುದು ನೋವೊಂದೇ ಅಲ್ಲ. ಈ ನೋವು ಬರುವುದು ಸೊಂಟದಿಂದ ಕಾಲಿಗಿಳಿಯುವ ಸಯಾಟಿಕ್ ನರದಿಂದ; ಸ್ನಾಯುವಿಗೆ ಬಲ ಕೊಡುವುದೂ ಅಂಗಾಲಿನ ಸ್ಪರ್ಶವನ್ನು ಮಿದುಳಿಗೆ ತಿಳಿಸುವುದೂ ಅದೇ ನರ. ಬೆನ್ನಿನಲ್ಲಿ ಅದರ ಬೇರು ಒತ್ತಿಹೋದರೆ ಎರಡೂ ಕುಂದುತ್ತವೆ.

ಎಲ್-5, ಅಂದರೆ ಸೊಂಟದ ಐದನೇ ನರಬೇರು ಸೋತರೆ ಮುಂಗಾಲು, ಹೆಬ್ಬೆರಳು ಮೇಲೇಳುವುದಿಲ್ಲ. ನಡೆಯುವಾಗ ಪಾದ ಟಪ್ ಟಪ್ ಎಂದು ನೆಲಕ್ಕೆ ಬಡಿಯುತ್ತದೆ. ಇದು ಮನೆಯವರ ಕಿವಿಗೇ ಮೊದಲು ಬೀಳುವುದು ಹೆಚ್ಚು. ಹವಾಯಿ ಚಪ್ಪಲಿ ತಾನಾಗಿ ಕಳಚುತ್ತದೆ, ಬೆರಳು ಹೊಸ್ತಿಲಿಗೆ ತಾಗುತ್ತದೆ. ಅದರ ಕೆಳಗಿನ ಬೇರಾದ ಎಸ್-1 ಆದರೆ ತುದಿಗಾಲಲ್ಲಿ ನಿಲ್ಲಲಾಗದು, ಪಾದದ ಹೊರಅಂಚು ಜೋಮು ಹಿಡಿಯುತ್ತದೆ. ಸೊಂಟದ ನಾಲ್ಕನೇ ಬೇರಾದ ಎಲ್-4 ಆದರೆ ಮೆಟ್ಟಿಲಿಳಿಯುವಾಗ ಮಂಡಿ ಕುಸಿಯುತ್ತದೆ.

ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು, ಅಡುಗೆಕಟ್ಟೆ ಹಿಡಿದು, ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ ಹಾಕಿ. ಬಳಿಕ ಒಂದೊಂದೇ ಕಾಲಲ್ಲಿ ತುದಿಗಾಲೇರಿ. ಎರಡು ಕಾಲಿಗೂ ವ್ಯತ್ಯಾಸ ಕಂಡರೆ ವೈದ್ಯರಿಗೆ ಹೇಳಿ. ನೋವು ಕಡಿಮೆಯಾಗುತ್ತಾ ಪಾದ ಮಾತ್ರ ಇನ್ನಷ್ಟು ಸೋಲುತ್ತಿದ್ದರೆ ಅದು ಗುಣವಲ್ಲ, ನರ ಸೊರಗುತ್ತಿರುವ ಸೂಚನೆ. "ನೋವು ಹೋಯ್ತಲ್ಲ" ಎಂದು ಸುಮ್ಮನಾಗುವವರೇ ಹೆಚ್ಚು.

ಇನ್ನು ರಾತ್ರಿ. ನರದ ನೋವಿಗೆ ಕೊಡುವ ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್, ಅಮಿಟ್ರಿಪ್ಟಿಲಿನ್ ಮಾತ್ರೆಗಳು ತಲೆಸುತ್ತು, ಮಂಪರು ತರಬಲ್ಲವು. ಹಾಗಾದರೆ ತಾವಾಗಿ ನಿಲ್ಲಿಸಬೇಡಿ, ವೈದ್ಯರ ಬಳಿ ಪ್ರಮಾಣದ ಬಗ್ಗೆ ಮಾತಾಡಿ. ಎದ್ದ ಕೂಡಲೇ ನಡೆಯದೆ ಮಂಚದಂಚಿನಲ್ಲಿ ಒಂದೆರಡು ನಿಮಿಷ ಕೂತು, ದೀಪ ಹಾಕಿ ಹೊರಡಿ. ಜೋಮು ಹಿಡಿದ ಪಾದಕ್ಕೆ ನೆಲದ ಅರಿವು ಸಾಲದು, ಕಣ್ಣೇ ದಾರಿ ಕಾಣಬೇಕು. ಕತ್ತಲಾದರೆ ಅದೂ ಇಲ್ಲ. ಬಚ್ಚಲಲ್ಲಿ ಟವೆಲ್ ಹಾಕುವ ಸರಳನ್ನು ಹಿಡಿದು ಏಳುವ ಅಭ್ಯಾಸ ಹಲವರದು. ಅದು ಮೈಭಾರ ತಡೆಯುವುದಿಲ್ಲ, ಗೋಡೆಯಿಂದ ಕಿತ್ತು ಬರುತ್ತದೆ. ಕಮೋಡಿನ ಪಕ್ಕ ಗೋಡೆಗೆ ಭದ್ರವಾದ ಹಿಡಿಕಂಬಿ ಕೂರಿಸಿ.

ಊರುಗೋಲು ನೋವಿಲ್ಲದ ಕಡೆಯ ಕೈಯಲ್ಲಿರಲಿ. ಚಪ್ಪಲಿ ಮೆಟ್ಟಿ ಕೈ ಇಳಿಬಿಟ್ಟಾಗ ಅದರ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮುಂದೆ, ಇಳಿಯುವಾಗ ಸೋತ ಕಾಲು ಮುಂದೆ. ಚಪ್ಪಲಿಗೆ ಹಿಮ್ಮಡಿ ಪಟ್ಟಿ ಇರಲಿ. ಪಾದ ಜೋತುಬಿದ್ದಿದ್ದರೆ ಅದನ್ನು ಎತ್ತಿಹಿಡಿಯುವ ಪಟ್ಟಿಯನ್ನು ಫಿಸಿಯೋಥೆರಪಿಸ್ಟ್ ಹೊಂದಿಸಿಕೊಡುತ್ತಾರೆ.

ಒಂದು ಸ್ಥಿತಿಯಲ್ಲಿ ಮಾತ್ರ ಕಾಯುವ ಹಾಗೇ ಇಲ್ಲ. ಮೂತ್ರ ಕಟ್ಟಿದರೆ ಅಥವಾ ಅರಿವಿಲ್ಲದೆ ಹೋದರೆ, ಗುದದ್ವಾರದ ಸುತ್ತ, ತೊಡೆಸಂದಿಯಲ್ಲಿ ಸ್ಪರ್ಶ ತಿಳಿಯದಿದ್ದರೆ, ಎರಡೂ ಕಾಲು ಸೋಲತೊಡಗಿದರೆ, ನಡುರಾತ್ರಿಯಾದರೂ ಸರಿ, ತುರ್ತು ಚಿಕಿತ್ಸಾ ಘಟಕಕ್ಕೆ ಹೊರಡಿ.