ಒಮ್ಮೆ ಬರೆದ ಕೋಡ್ ಮತ್ತೆ ಮತ್ತೆ ಬಳಸಿದರೆ ದುಡ್ಡು ಉಳಿಯುತ್ತಾ?

[ದೃಶ್ಯ: ಕಲಬುರಗಿಯ ನೆಹರು ಗಂಜ್. ಕಾಟಾದ ಮೇಲೆ ತೊಗರಿ ಚೀಲ.]

ನಮಸ್ಕಾರ. ಕಲಬುರಗಿಯಲ್ಲಿ ಒಂದು ಚಿಕ್ಕ ಸಾಫ್ಟ್‌ವೇರ್ ಕಂಪನಿ ಇದೆ ಅಂತ ಇಟ್ಟುಕೊಳ್ಳಿ. ಗಂಜಿನ ಅಡತ್ ಅಂಗಡಿಯವರು, ಅಂದರೆ ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಕೊಡುವವರು, ಒಂದು ಪ್ರೋಗ್ರಾಂ ಕೇಳಿದ್ದಾರೆ. ನಾಳೆ ದಾಲ್‌ಮಿಲ್‌ನವರು, ವೇಬ್ರಿಡ್ಜ್‌ನವರೂ ಕೇಳಬಹುದು. ಕಾಟಾದಿಂದ ತೂಕ ಓದುವ ಕೋಡ್ ಮೂವರಿಗೂ ಬೇಕೇ ಬೇಕು. ಒಂದೇ ಸಲ ಬರೆದು ಎಲ್ಲ ಕಡೆ ಹಾಕಿದರೆ ಆಯ್ತು, ಅಲ್ವಾ?

ಆಗುತ್ತದೆ, ಆದರೆ ಪುಕ್ಕಟೆ ಅಲ್ಲ. ಬೇರೆ ಬೇರೆ ಕಾಟಾಗಳ ಮೇಲೆ ಅದನ್ನು ಪರೀಕ್ಷಿಸಬೇಕು. ಇನ್ನೊಬ್ಬರಿಗೆ ತಿಳಿಯುವ ಹಾಗೆ ವಿವರ ಬರೆದಿಡಬೇಕು. ಜೆಫ್ರಿ ಪೌಲಿನ್ ಅನ್ನುವವರು ಕೋಡ್ ಮರುಬಳಕೆಯ ಬಗ್ಗೆ ಬರೆದ 1997ರ ತಮ್ಮ ಪುಸ್ತಕದಲ್ಲಿ ಅಂದಾಜು ಕೊಟ್ಟಿದ್ದಾರೆ: ಹೀಗೆ ಬರೆಯಲು ಒಂದೂವರೆ ಪಟ್ಟು ಖರ್ಚು. ಆಮೇಲೆ ಪ್ರತಿ ಸಲ ಬಳಸಲು ಹೊಸದಾಗಿ ಬರೆಯುವ ಖರ್ಚಿನ ಐದನೇ ಒಂದು ಭಾಗ.

[ತೆರೆಯ ಮೇಲೆ ಲೆಕ್ಕ]

ಒಬ್ಬರಿಗಷ್ಟೇ ಬರೆದರೆ 10 ದಿನ. ಎಲ್ಲರಿಗೂ ಆಗುವಂತೆ ಬರೆದರೆ 15 ದಿನ, ಪ್ರತಿ ಗಿರಾಕಿಗೆ ಕೂರಿಸಲು 2 ದಿನ. ಒಬ್ಬರೇ ಬಂದರೆ 17 ದಿನ, ಅಂದರೆ 7 ದಿನ ನಷ್ಟ. ಇಬ್ಬರು ಬಂದರೆ 20ರ ಜಾಗದಲ್ಲಿ 19. ಮೂವರಾದರೆ 30ರ ಜಾಗದಲ್ಲಿ 21. ಕೆಲಸ ಕಠಿಣವಾಗಿ, ಎಲ್ಲರಿಗೂ ಆಗುವಂತೆ ಬರೆಯಲು 15ರ ಬದಲು 30 ದಿನ ಹಿಡಿಯಿತು ಅನ್ನಿ, ಆಗ ನಾಲ್ಕನೇ ಗಿರಾಕಿ ಬರುವವರೆಗೂ ಕೈಯಿಂದಲೇ ಹೋಗುತ್ತದೆ.

ಲೆಕ್ಕಕ್ಕೆ ಬಾರದ ಖರ್ಚೂ ಇದೆ.

[ದೃಶ್ಯ: ವೇಬ್ರಿಡ್ಜ್ ಮೇಲೆ ತುಂಬಿದ ಲಾರಿ]

ಅಡತ್ ಅಂಗಡಿಗೆ ಬರೆಯುವಾಗ ತೂಕವನ್ನು ಕಿಲೋದಲ್ಲಿ, 16 ಬಿಟ್ ಪೂರ್ಣಾಂಕದಲ್ಲಿ ಇಟ್ಟರು ಅನ್ನಿ. ಅದು ಒಂದು ಸಂಖ್ಯೆಗೆ ಕಂಪ್ಯೂಟರ್ ಕೊಡುವ ಚಿಕ್ಕ ಜಾಗ, ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 32,767. ಚೀಲಗಳಿಗೆ ಧಾರಾಳ ಸಾಕು. ಅದೇ ಕೋಡ್ ವೇಬ್ರಿಡ್ಜ್‌ಗೆ ಹೋದಾಗ 40 ಟನ್ ಲಾರಿ ಬಂತು, ಲೆಕ್ಕ ಕೆಟ್ಟಿತು. 1996ರ ಜೂನ್ 4ರಂದು ಏರಿಯೇನ್ 5 ರಾಕೆಟ್‌ಗೆ ಆಗಿದ್ದೂ ಇಂಥದ್ದೇ. ಏರಿಯೇನ್ 4ರ ಕೋಡನ್ನೇ ಹಾಕಿದ್ದರು. ಹೊಸ ರಾಕೆಟ್‌ನ ಅಡ್ಡ ವೇಗ ಹೆಚ್ಚಿತ್ತು, ಸಂಖ್ಯೆ 16 ಬಿಟ್‌ನಲ್ಲಿ ಹಿಡಿಸಲಿಲ್ಲ. ಸುಮಾರು 40 ಸೆಕೆಂಡಿನಲ್ಲಿ ರಾಕೆಟ್ ಚೂರುಚೂರು. ಹಾಗಾಗಿ ಆ 2 ದಿನದಲ್ಲಿ ಹೊಸ ಜಾಗದ ಪರೀಕ್ಷೆಯನ್ನು ಮಾತ್ರ ಬಿಡಲೇಬೇಡಿ.

ನನ್ನ ಸಲಹೆ: ತೂಕ ಓದುವ ಭಾಗವನ್ನಷ್ಟೇ ಹಂಚಿಕೊಳ್ಳಿ. ಹಮಾಲಿ, ಕಮಿಷನ್ ಕಳೆಯುವ ಪಟ್ಟಿ ಅಡತ್‌ನವರದ್ದು, ಅದನ್ನು ಮಿಲ್‌ಗೆ ಹೊಂದಿಸಲು ಹೋಗಬೇಡಿ. ಇನ್ನು ಆ ಹೆಚ್ಚಿನ 5 ದಿನದ ದುಡ್ಡನ್ನು ಮೊದಲ ಗಿರಾಕಿ ಕೊಡುವುದಿಲ್ಲ, ನಿಮ್ಮ ಜೇಬಿನಿಂದಲೇ ಹೋಗಬೇಕು. ಎರಡನೇ ಗಿರಾಕಿಯ ಅಡ್ವಾನ್ಸ್ ಕೈಗೆ ಬಂದ ಮೇಲೆ ಆ ಕೆಲಸಕ್ಕೆ ಕೈ ಹಾಕಿ.